ಹದಿನೇಳರ ಮುಂದಿನ ಖಾಲಿ ಮನೆ

ಸೈಕಲ್ ಅಂಗಡಿಯ ಮೇಲಿನ ಮನೆ,
ಮಂಗಳವಾರ, ಹತ್ತೊಂಬತ್ತನೆಯ ತಾರೀಖು, ಮಧ್ಯಾಹ್ನ.

ಪ್ರೀತಿಯ ಮರೀ,

ನಿನಗೂ ಸೊಸೆಗೂ ಮಕ್ಕಳಿಗೂ ಅಮ್ಮನ ತುಂಬು ಆಶೀರ್ವಾದ. ನೀನು ಹೇಗಿದ್ದೀಯಪ್ಪಾ? ಸುರಂಗದ ಕಲ್ಲುದೂಳಿಗೆ ಹತ್ತಿದ್ದ ಕೆಮ್ಮು ಬಿಟ್ಟಿತೇ? ಬಂಡೆಗೆ ಮದ್ದು ಇಡುವವನೂ ನೀನೇ, ಸಿಡಿದ ದೂಳು ಇಳಿಯುವ ಮುಂಚೆ ಒಳಗೆ ನುಗ್ಗುವವನೂ ನೀನೇ ಎಂದು ಸೊಸೆ ಬರೆದಿದ್ದಳು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೋ, ಯಾರಾದರೂ ನಕ್ಕರೆ ನಗಲಿ. ಅವಳ ಸೊಂಟನೋವು ಹೇಗಿದೆ? ನೀರಿನ ಕೊಡ ಎತ್ತಲು ಬಿಡಬೇಡ. ನನ್ನ ಮೊಮ್ಮಗಳು ಗಿಣಿಗೆ ಮುಂದಿನ ಎರಡು ಹಲ್ಲು ಬಂದವೇ, ಇಲ್ಲ ಇನ್ನೂ ‘ಸಕ್ಕರೆ’ಗೆ ‘ತಕ್ಕರೆ’ ಎನ್ನುತ್ತಾಳೆಯೇ? ಅವಳ ತಮ್ಮ ಉಂಡೆ ಗೋಡೆಯ ಸುಣ್ಣ ನೆಕ್ಕುವುದನ್ನು ಬಿಟ್ಟನೇ? ಬೈಯಬೇಡ ಅವನಿಗೆ. ನೀನೂ ಆ ವಯಸ್ಸಿನಲ್ಲಿ ನಿಮ್ಮಪ್ಪನ ಜೇಬಿನಿಂದ ಸೀಮೆಸುಣ್ಣದ ತುಂಡು ಕದ್ದು ತಿಂದು, ಬಿಳಿ ಮೀಸೆ ಹೊತ್ತುಕೊಂಡು ಬಂದು ‘ನಾನಲ್ಲ’ ಎನ್ನುತ್ತಿದ್ದೆ.

ಇಲ್ಲಿ ನನ್ನ ಮಂಡಿ ಎಂದಿನಂತೆ ಹೇಳಿದ ಮಾತು ಕೇಳುವುದಿಲ್ಲ. ನಿನ್ನ ತಂಗಿ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಗೆ ಹೋದರೆ ಬರುವುದು ಮೂರಕ್ಕೆ. ಊರವರ ರಕ್ತವೆಲ್ಲ ನೋಡುತ್ತಾಳೆ, ತನ್ನ ಮುಖ ಬಿಳುಚಿಕೊಂಡಿರುವುದು ಅವಳಿಗೆ ಕಾಣುವುದಿಲ್ಲ. ಕೆಳಗಿನ ಸೈಕಲ್ ಅಂಗಡಿಯವನು ಗಾಳಿ ತುಂಬುವ ಯಂತ್ರ ತಂದಿಟ್ಟಿದ್ದಾನೆ. ಅದು ಶುರುವಾದರೆ ನಮ್ಮ ನೆಲ ನಡುಗಿ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ಮಾತಾಡುತ್ತವೆ. ಆದರೂ ಒಳ್ಳೆಯವನು, ಹತ್ತರಿಂದ ಹನ್ನೊಂದರವರೆಗೆ ಅದನ್ನು ನಿಲ್ಲಿಸಿರುತ್ತಾನೆ. ಏಕೆಂದು ಹೇಳುತ್ತೇನೆ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಪೆನ್ನು ಕೆಳಗಿಟ್ಟೆ. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ ಮರೀ.

ನಿಮ್ಮಪ್ಪ ಊಟ ಬಿಟ್ಟು ಇಂದಿಗೆ ಹನ್ನೆರಡು ದಿನ. ಸಂಜೆ ಬೆಳಕು ಇಳಿದು, ತಾವು ಏಕೆ ಕಾಯುತ್ತಿದ್ದೇವೆ ಎಂಬುದು ಅವರಿಗೆ ಮರೆತುಹೋದಾಗ, ಚಮಚದಲ್ಲಿ ಹಾಲು ಕುಡಿಸುತ್ತೇನೆ. ಅರ್ಧ ಲೋಟ ಇಳಿದರೆ ಅದೇ ಹಬ್ಬ. ಆಸ್ಪತ್ರೆಗೆ ಸೇರಿಸಿ ಎರಡು ಸಲ ನರಕ್ಕೆ ಸಲೈನ್ ಏರಿಸಿದರು. ಎರಡನೆಯ ಸಲ ಸೂಜಿ ಕಿತ್ತು ಎಸೆದು, ‘ಶಾಲೆಗೆ ಹೊತ್ತಾಯ್ತು, ಮಕ್ಕಳು ಕಾಯ್ತಿರ್ತಾರೆ’ ಎಂದು ಬರಿಗಾಲಿನಲ್ಲಿ ಬೀದಿಗೆ ಬಂದಿದ್ದರು. ಮನೆಗೇ ಕರೆತಂದೆವು. ಡಾಕ್ಟರು ಭಾನುವಾರ ಬಂದು ನೋಡಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ‘ಸುಳ್ಳು ಹೇಳೋಕೆ ನಂಗೆ ಬರಲ್ಲಮ್ಮ. ಕಾಯಿಲೆ ಅಂತ ಏನೂ ಇಲ್ಲ, ಅನ್ನ ಇಳೀಬೇಕು ಅಷ್ಟೇ. ಹೀಗೇ ಹೋದ್ರೆ ಎರಡು ವಾರ’ ಎಂದರು. ನಿನ್ನ ತಂಗಿ ನಿಮ್ಮ ಬೆಟ್ಟದ ಕೆಳಗಿನ ಕಚೇರಿಗೆ ಫೋನ್ ಮಾಡಿದಳು. ಮದ್ದಿನ ಕೆಲಸದವನನ್ನು ಬದಲಿ ಆಳು ಬರುವವರೆಗೆ ಬಿಡುವಂತಿಲ್ಲ, ಅದಕ್ಕೆ ತಿಂಗಳಾಗುತ್ತದೆ ಎಂದರಂತೆ. ನಮ್ಮ ಹತ್ತಿರ ತಿಂಗಳಿಲ್ಲ ಕಣೋ. ಟಪಾಲು ಲಾರಿ ಶುಕ್ರವಾರ ಮೇಲಕ್ಕೆ ಬರುತ್ತದೆ, ಸೋಮವಾರ ಕೆಳಗಿಳಿಯುತ್ತದೆ ಎಂದೂ ಹೇಳಿದರು. ಆ ಲಾರಿಯನ್ನೇ ನಂಬಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮಪ್ಪ ಯಾಕೆ ಉಣ್ಣುತ್ತಿಲ್ಲ ಎಂಬುದು ಫೋನಿನಲ್ಲಿ ಹೇಳುವ ಮಾತಲ್ಲ. ಹೇಳಿದ್ದರೆ ಕಚೇರಿಯವರು ನಮಗೇ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಅವರು ಮೇಷ್ಟರಾದ ಮೊದಲ ವರ್ಷದ ಮಾತು, ನೀನಿನ್ನೂ ಹುಟ್ಟಿರಲಿಲ್ಲ. ಯಾರೋ ಮೇಲಧಿಕಾರಿ ಬರುತ್ತಾರೆಂಬ ಗಡಿಬಿಡಿಯಲ್ಲಿ ಆ ದಿನ ಹಾಜರಿ ತೆಗೆಯುವುದನ್ನು ಬಿಟ್ಟಿದ್ದರು. ನಕ್ಷೆ ತರಲೆಂದು ಸಾಮಾನಿನ ಕೋಣೆಗೆ ಹೋಗಿದ್ದ ಒಂದು ಹೆಣ್ಣುಮಗುವನ್ನು ನೋಡದೆ ಜವಾನ ಹೊರಗಿನಿಂದ ಚಿಲಕ ಹಾಕಿಬಿಟ್ಟ. ಸಂಜೆ ಅದರ ತಾಯಿ ಹುಡುಕಿಕೊಂಡು ಬಂದಾಗಲೇ ಎಲ್ಲರಿಗೂ ಗೊತ್ತಾದದ್ದು. ಮಗುವಿಗೆ ಏನೂ ಆಗಿರಲಿಲ್ಲ, ಆದರೆ ಕೂಗಿ ಕೂಗಿ ಗಂಟಲು ಕಟ್ಟಿ ತಿಂಗಳುಗಟ್ಟಲೆ ಮಾತಾಡಲಿಲ್ಲ. ಆವತ್ತು ಮನೆಗೆ ಬಂದವರು ತಟ್ಟೆಯ ಮುಂದೆ ಕೂತು, ‘ಆ ಕೂಸು ಒಳಗೆ ಅಳ್ತಿದ್ದಾಗ ನಾನು ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡಿದೀನಿ ಕಣೇ’ ಎಂದು ಕೈ ತೊಳೆದುಕೊಂಡು ಎದ್ದರು. ಆಮೇಲೆ ಕೆಲಸದಲ್ಲಿದ್ದಷ್ಟು ವರ್ಷವೂ ಒಂದೇ ಪದ್ಧತಿ. ತರಗತಿಯ ಪ್ರತಿ ಮಗುವೂ ಎಲ್ಲಿದೆ, ಬಂದಿಲ್ಲವಾದರೆ ಯಾಕೆ ಬಂದಿಲ್ಲ ಎಂಬುದು ತಿಳಿಯದೆ ತುತ್ತು ಎತ್ತಿದವರಲ್ಲ. ರಜೆ ಅರ್ಜಿ ಬಂದಿದ್ದರೆ ಸರಿ. ಇಲ್ಲವಾದರೆ ಊಟದ ಹೊತ್ತಿನಲ್ಲಿ ಸೈಕಲ್ ಹತ್ತಿ ಆ ಮಗುವಿನ ಮನೆಗೇ ಹೋಗಿ, ಕಾರಣ ಕೇಳಿಕೊಂಡು ಬಂದು ಪುಸ್ತಕದಲ್ಲಿ ಬರೆದು, ಆಮೇಲೆ ಡಬ್ಬಿ ಬಿಚ್ಚುವುದು. ಎಷ್ಟೋ ದಿನ ಅಷ್ಟರಲ್ಲಿ ಗಂಟೆ ಹೊಡೆದು ಡಬ್ಬಿ ಹಾಗೇ ಮನೆಗೆ ವಾಪಸ್ ಬರುತ್ತಿತ್ತು. ನಾನು ರೇಗಿದರೆ, ‘ನಿಂಗೆ ಇಬ್ಬರು ಮಕ್ಕಳು, ನಂಗೆ ನಲವತ್ತಮೂರು’ ಎನ್ನುತ್ತಿದ್ದರು.

ಹಾಜರಿಯಲ್ಲಿ ಹೆಸರು ಕೂಗುತ್ತಿರಲಿಲ್ಲ, ನಂಬರು ಕೂಗುತ್ತಿದ್ದರು. ಹೆಸರು ಕೂಗಿದರೆ ಯಾರ ಮನೆಯವನು ಎಂದು ನೆನಪಾಗುತ್ತದೆ, ನಂಬರಿಗೆ ಮನೆತನವಿಲ್ಲ ಎಂಬುದು ಅವರ ಲೆಕ್ಕ. ಆ ನಂಬರುಗಳು ಈ ಊರಿನಲ್ಲಿ ಇನ್ನೂ ಉಳಿದುಕೊಂಡಿವೆ. ನಿನ್ನ ಜೊತೆಯ ಇಪ್ಪತ್ತೆರಡು ಈಗ ಮೂಲೆಯ ಕ್ಷೌರದಂಗಡಿ ಇಟ್ಟಿದ್ದಾನೆ, ತಲೆ ಪೂರ್ತಿ ನೆರೆತಿದೆ. ನಿಮ್ಮಪ್ಪ ಬಾಗಿಲಲ್ಲಿ ‘ಏನಯ್ಯ ಇಪ್ಪತ್ತೆರಡು’ ಎಂದರೆ ಸಾಕು, ಗಿರಾಕಿಯ ಅರ್ಧ ಗಡ್ಡಕ್ಕೆ ನೊರೆ ಹಚ್ಚಿದ್ದವನು ಕತ್ತಿ ಹಿಡಿದೇ ಎದ್ದು ನಿಲ್ಲುತ್ತಾನೆ. ಹನ್ನೆರಡನೆಯ ನಂಬರಿನವನು ಬಸ್ ಓಡಿಸುತ್ತಾನೆ. ಬೀದಿಯಲ್ಲಿ ನಿಮ್ಮಪ್ಪನನ್ನು ಕಂಡರೆ ಬಸ್ಸು ನಿಲ್ಲಿಸಿ ಹಾರ್ನಿನಲ್ಲೇ ನಮಸ್ಕಾರ ಮಾಡುತ್ತಿದ್ದ, ಒಳಗೆ ಕೂತವರು ಬೈದುಕೊಳ್ಳುತ್ತಿದ್ದರು.

ಮನೆಯಲ್ಲಿ ಹೇಗಿದ್ದರು ಎಂಬುದನ್ನು ನಿನಗೆ ನಾನು ಹೇಳಬೇಕೇ? ಹೇಳಬೇಕು ಅನಿಸುತ್ತದೆ, ಏಕೆಂದರೆ ನೀನು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೀಯ. ಮೆಟ್ಟಿಲು ಹತ್ತುವ ಮುಂಚೆ ತೋಳಿನ ಸೀಮೆಸುಣ್ಣ ಒದರಿ, ‘ಮೇಷ್ಟ್ರು ಕೆಳಗೇ ಉಳಿದ್ರು, ಮೇಲೆ ಬರ್ತಿರೋದು ಅಪ್ಪ’ ಎಂದು ಕೂಗಿಕೊಂಡೇ ಬರುತ್ತಿದ್ದರು. ನೀವಿಬ್ಬರೂ ಬಾಗಿಲ ಹಿಂದೆ ಅಡಗಿ ಕೂತಿರುತ್ತಿದ್ದಿರಿ. ನಿನ್ನ ತಂಗಿಗೆ ಜಡೆ ಹಾಕುತ್ತಿದ್ದವರು ಅವರೇ. ಬೈತಲೆ ಸೊಟ್ಟಗಾದರೆ ಅಡಿಪಟ್ಟಿ ಇಟ್ಟು ನೋಡಿ ಬಿಚ್ಚಿ ಮತ್ತೆ ಹಾಕುವರು. ನನಗೆ ವಿಷಮಶೀತ ಜ್ವರ ಬಂದು ಇಪ್ಪತ್ತು ದಿನ ಮಲಗಿದ್ದಾಗ ನನ್ನ ಸೀರೆಗಳನ್ನೆಲ್ಲ ಒಗೆದು ತಾರಸಿಯಲ್ಲಿ ಹರವುತ್ತಿದ್ದರು. ಬೀದಿಯಲ್ಲಿ ಹೋಗುವ ಮಕ್ಕಳು ‘ನಮಸ್ಕಾರ ಸಾರ್’ ಎಂದರೆ ಬಟ್ಟೆಯ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ‘ಮಮಸ್ಕಾಮ’ ಎನ್ನುವರು. ಗಂಡಸಾಗಿ ಹೆಂಡತಿ ಸೀರೆ ಒಗೆಯುತ್ತಾನೆ ಎಂದು ನಕ್ಕವರಿದ್ದರು. ‘ನಾಳೆ ಗಣಿತಕ್ಕೆ ನಗಲಿ ನೋಡ್ತೀನಿ’ ಎಂದು ಇವರೂ ನಕ್ಕರು.

ಒಂದನ್ನು ಮಾತ್ರ ಅವರು ಮಾಡಲಿಲ್ಲ. ಊರಿಗೆಲ್ಲ ಅಕ್ಷರ ಹೇಳಿಕೊಟ್ಟವರಿಗೆ, ಮನೆಯಲ್ಲಿ ಅಕ್ಷರ ಬಾರದವಳು ಒಬ್ಬಳಿದ್ದಾಳೆಂದು ಹೊಳೆಯಲೇ ಇಲ್ಲ. ನಾನೂ ಕೇಳಲಿಲ್ಲ, ನಾಚಿಕೆ. ಗೂಡಿಗೆ ಹಾಸಲು ತಂದ ಹಳೆಯ ಉತ್ತರಪತ್ರಿಕೆಗಳಿಂದ ನಾನೇ ಕಲಿತೆ. ಅಡುಗೆಮನೆಯಲ್ಲಿ ಬಗ್ಗಿ ಕೂತು ಬೆರಳಿಟ್ಟು ಓದುತ್ತಿದ್ದುದು ನಿನಗೊಬ್ಬನಿಗೇ ಗೊತ್ತಿತ್ತು. ಕೆಂಪು ಶಾಯಿಯ ಸುತ್ತು ಹಾಕಿದ ಮಾತುಗಳೇ ಮೇಷ್ಟರಿಗೆ ಬಹಳ ಇಷ್ಟವಾದವು ಎಂದುಕೊಂಡು ಅವನ್ನೇ ಹುಡುಕಿ ಹುಡುಕಿ ಬರೆದು ರೂಢಿಮಾಡಿಕೊಂಡೆ ನೋಡು! ಅವು ತಪ್ಪು ಎಂದು ನನಗೆ ಯಾರು ಹೇಳಬೇಕು? ನೀನು ಕೆಲಸಕ್ಕೆಂದು ಮನೆ ಬಿಟ್ಟ ವರ್ಷ, ಇನ್ನು ಮುಚ್ಚಿಟ್ಟು ಏನಾಗಬೇಕು ಎಂದು ಅಂಗಡಿಯ ಚೀಟಿ ಬರೆದು ಅವರ ಕೈಗೆ ಕೊಟ್ಟೆ. ಚೀಲ ತುಂಬಿಕೊಂಡು ಬಂದವರು ಬಾಗಿಲಲ್ಲೇ ನಿಂತು, ‘ಐದು ಕಿಲೋ ಹಕ್ಕಿ ಸಿಗಲಿಲ್ಲ ಕಣೇ, ಹಾರಿಹೋಗಿತ್ತು. ಅಕ್ಕಿ ತಂದಿದೀನಿ, ಅಡ್ಜಸ್ಟ್ ಮಾಡ್ಕೋ’ ಎಂದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವುದು ನಿಂತ ಮೇಲೂ ಆ ನೀರು ನಿಲ್ಲಲಿಲ್ಲ.

ಇನ್ನು ಈಗಿನ ಮಾತು. ಮರೆವು ಹೆಚ್ಚಾಗಿದೆ ಎಂದು ಹಿಂದೆ ಬರೆದಿದ್ದೆ. ಎಷ್ಟು ಎಂದು ಬರೆದಿರಲಿಲ್ಲ. ವರ್ಷದಿಂದ ನನ್ನ ಗುರುತಿಲ್ಲ ಅವರಿಗೆ. ‘ಅಮ್ಮಾ, ನೀವು ಯಾವ ಮಗುವಿನ ತಾಯಿ?’ ಎಂದು ಮರ್ಯಾದೆಯಿಂದ ಕೇಳುತ್ತಾರೆ. ಆದರೆ ಬೆಳಿಗ್ಗೆ ಹತ್ತಾದರೆ ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು, ನೀನಿದ್ದ ಏಳನೇ ತರಗತಿಯ ಹಾಜರಿ ಕೂಗುತ್ತಾರೆ. ಆ ನಲವತ್ತಮೂರೂ ನೆನಪಿವೆ. ನಾನು ಒಳಗಿನಿಂದ ತರಕಾರಿ ಹೆಚ್ಚುತ್ತಾ ‘ಹಾಜರ್ ಸಾರ್’, ‘ಹಾಜರ್ ಸಾರ್’ ಎನ್ನುತ್ತಿದ್ದೆ. ಮೊದಲು ಅಳು ಬರುತ್ತಿತ್ತು, ಆಮೇಲೆ ಧ್ವನಿ ಬದಲಾಯಿಸಿ ಹೇಳುವುದು ರೂಢಿಯಾಯಿತು. ಕೆಳಗಿನವನು ಯಂತ್ರ ನಿಲ್ಲಿಸುವುದೂ ಈ ಹಾಜರಿಗೇ. ಬಿಡುವಿದ್ದ ದಿನ ಹನ್ನೆರಡು, ಇಪ್ಪತ್ತೆರಡು ಬಂದು ತಮ್ಮ ಪಾಲಿನದನ್ನು ತಾವೇ ಹೇಳಿ ಹೋಗುತ್ತಿದ್ದರು. ನಲವತ್ತಮೂರೂ ಮುಗಿದರೆ ‘ಎಲ್ಲರೂ ಬಂದಿದಾರೆ’ ಎಂದು ಕೈ ತೊಳೆದು ಮಗುವಿನಂತೆ ಉಣ್ಣುತ್ತಿದ್ದರು. ಹಾಗೇ ನಡೆದಿದ್ದರೆ ಸಾಕಾಗಿತ್ತು ದೇವರೇ.

ಎಡವಟ್ಟು ಮಾಡಿದವಳು ನಾನೇ. ಟ್ರಂಕಿನ ತಳದಲ್ಲಿ ನಿಮ್ಮ ತರಗತಿಯ ಹಳೆಯ ಹಾಜರಿ ಪುಸ್ತಕ ಸಿಕ್ಕಿತು. ಶಾಲೆ ಹೊಸ ಕಟ್ಟಡಕ್ಕೆ ಹೋದಾಗ ಹಳೆಯವನ್ನೆಲ್ಲ ತೂಕಕ್ಕೆ ಹಾಕಿದರಲ್ಲ, ಆಗ ಇದೊಂದನ್ನು ಕೇಳಿ ತಂದಿಟ್ಟುಕೊಂಡಿದ್ದರು. ಖುಷಿಪಡುತ್ತಾರೆ ಎಂದು ಒರೆಸಿ ಕೈಗೆ ಕೊಟ್ಟೆ. ಪುಟ ತಿರುಗಿಸುತ್ತಾ ಹೋಗಿ ಪರೀಕ್ಷೆಯ ಮೊದಲ ದಿನದ ಪುಟಕ್ಕೆ ಬಂದು ನಿಂತರು. ಮಾರನೆಯ ಬೆಳಿಗ್ಗೆಯಿಂದ ಅದೇ ಪುಟ. ಹದಿನಾರರವರೆಗೆ ನನ್ನ ಧ್ವನಿ ಒಪ್ಪುತ್ತಾರೆ. ‘ಹದಿನೇಳು’ ಎಂದು ಕರೆದು ಬಾಗಿಲ ಕಡೆ ನೋಡುತ್ತಾರೆ. ನಾನು ‘ಹಾಜರ್ ಸಾರ್’ ಎಂದರೆ, ‘ನೀವಲ್ಲಮ್ಮಾ, ಅವನು’ ಎನ್ನುತ್ತಾರೆ. ಆಮೇಲೆ ಕಾಯುತ್ತಾರೆ. ಹನ್ನೊಂದು, ಒಂದು, ಮೂರು ಗಂಟೆ. ಬೆರಳು ಆ ಸಾಲಿನ ಮೇಲಿನಿಂದ ಕದಲುವುದಿಲ್ಲ. ಹದಿನೇಳು ನೀನೇ ಎಂದು ನಿನಗೆ ಹೇಳಬೇಕಾಗಿಲ್ಲ.

ಅವರು ನಿದ್ದೆ ಹೋದಾಗ ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ನಲವತ್ತೆರಡು ಮನೆಗಳಲ್ಲಿ ‘ಹಾ’ ಎಂದಿದೆ. ನಿನ್ನದರಲ್ಲಿ ‘ಗೈ’ ಎಂದು ಬರೆದು ಕೆಂಪು ಗೆರೆ ಎಳೆದಿರುತ್ತಾರೆ ಎಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಏನೂ ಇಲ್ಲ ಮರೀ. ಆ ಮನೆ ಖಾಲಿ. ಒಂದು ಚುಕ್ಕೆಯನ್ನೂ ಇಟ್ಟಿಲ್ಲ. ಒಂದು ಮನೆಯನ್ನೂ ಖಾಲಿ ಬಿಡದ ಮನುಷ್ಯ, ಮೂವತ್ತಮೂರು ವರ್ಷದಿಂದ ಅದೊಂದನ್ನು ಹಾಗೇ ಬಿಟ್ಟಿದ್ದಾರೆ.

ಮಾಡದ ಉಪಾಯವಿಲ್ಲ. ಪುಸ್ತಕ ಬಚ್ಚಿಟ್ಟೆ. ಅವರು ಅಕ್ಕಿ ಡಬ್ಬ, ಹಾಸಿಗೆ, ಚಪ್ಪಲಿ ಗೂಡು ಎಲ್ಲ ಎಳೆದು ಹಾಕಿ ‘ಮಕ್ಕಳು ಕಳೆದುಹೋದ್ರು’ ಎಂದು ಬಿಕ್ಕಿ ಬಿಕ್ಕಿ ಅತ್ತರು. ನೋಡಲಾರದೆ ಕೊಟ್ಟುಬಿಟ್ಟೆ. ನಿನ್ನ ತಂಗಿಗೆ ರಜೆಯಿದ್ದ ಒಂದು ದಿನ ಹನ್ನೆರಡು ತನ್ನ ಬಸ್ಸು ಬಿಟ್ಟು ಓಡಿಬಂದು ಹದಿನೇಳಕ್ಕೆ ತಾನೇ ‘ಹಾಜರ್ ಸಾರ್’ ಎಂದ. ಕನ್ನಡಕದ ಮೇಲಿಂದ ನೋಡಿ, ‘ನೀನು ಹನ್ನೆರಡು. ಗೆಳೆಯನ ಹಾಜರಿ ನೀನು ಹೇಳ್ತೀಯಾ? ಬೆಂಚು ಹತ್ತಿ ನಿಲ್ಲು’ ಎಂದರು. ಖಾಕಿ ಬಟ್ಟೆಯ ಅಷ್ಟು ದೊಡ್ಡ ಆಳು ನಮ್ಮ ಅಡುಗೆಮನೆಯ ಸ್ಟೂಲು ಹತ್ತಿ ಕೈಕಟ್ಟಿ ಅರ್ಧ ಗಂಟೆ ನಿಂತ. ಸ್ಟೂಲು ಕಿರುಗುಟ್ಟುತ್ತಿತ್ತು. ನಾನೂ ನಿನ್ನ ತಂಗಿಯೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಇಳಿದು ಬಂದವನು ಮೆಟ್ಟಿಲಲ್ಲಿ ಕೂತು ಅತ್ತ. ‘ಅವನು ಒಂದ್ಸಲ ಬಂದು ಹೇಳಿದ್ರೆ ಏನಮ್ಮಾ ಕಳ್ಕೋತಾನೆ’ ಎಂದ. ನಾನು ಸ್ಟೂಲು ಒರೆಸಿ ಒಳಗಿಟ್ಟೆ.

ಆ ದಿನವನ್ನು ನೀನು ಮರೆತಿಲ್ಲ ಎಂದು ನನಗೆ ಗೊತ್ತು. ಗಂಟೆ ಹೊಡೆದು ಹತ್ತು ನಿಮಿಷಕ್ಕೆ ಬಾಗಿಲು ಹಾಕಬೇಕು ಎಂಬುದು ನಿಯಮ, ನೀನು ಬಂದದ್ದು ಹದಿನೆಂಟನೆಯ ನಿಮಿಷಕ್ಕೆ, ಒಳಗಿನಿಂದ ಅಗುಳಿ ಹಾಕಿದವರು ನಿಮ್ಮಪ್ಪ. ನೀನು ನೆನಪಿಟ್ಟುಕೊಂಡಿರುವುದು ಇಷ್ಟೇ. ಕಾರಣ ಬರೆದುಕೊಟ್ಟರೆ ಬಾಗಿಲು ತೆರೆಯಬಹುದು ಎಂಬುದೂ ಅದೇ ನಿಯಮದಲ್ಲಿತ್ತು. ಕಾಗದ ಪೆನ್ನು ಕಿಟಕಿಯ ಸರಳಿನಿಂದ ನಿನ್ನ ಕಡೆ ಚಾಚಿ, ‘ಯಾಕೆ ತಡ ಆಯ್ತು ಹೇಳೋ, ಒಂದು ಸಾಲು ಬರಿ, ಸಾಕು’ ಎಂದು ಮೂರು ಸಲ ಕೇಳಿದರಂತೆ. ನೀನು ನೆಲ ನೋಡುತ್ತಾ ನಿಂತೆ. ಸಂಜೆ ಮನೆಯಲ್ಲೂ ಕೇಳಿದರು. ಮೊದಲು ಮೇಷ್ಟರಂತೆ, ಆಮೇಲೆ ಅಪ್ಪನಂತೆ, ಕೊನೆಗೆ ನಿನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು. ನೀನು ಬಾಯಿ ಬಿಡಲಿಲ್ಲ. ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ. ಆ ದಿನವೂ ಅವರು ಉಣ್ಣಲಿಲ್ಲ. ವರ್ಷ ಹೋಯಿತು, ಜೊತೆಯವರೆಲ್ಲ ಮುಂದೆ ಹೋದರು, ನೀನು ಮತ್ತೆ ಅದೇ ಬೆಂಚಿನಲ್ಲಿ ಕೂತೆ. ಅವತ್ತಿನಿಂದ ಮನೆಯಲ್ಲೂ ಅವರನ್ನು ‘ಸಾರ್’ ಎನ್ನತೊಡಗಿದೆ. ‘ಸಾರ್, ಊಟಕ್ಕೆ ಬನ್ನಿ.’ ‘ಸಾರ್, ಸ್ನಾನಕ್ಕೆ ನೀರು ಕಾದಿದೆ.’ ಅವರು ಮೆಟ್ಟಿಲಲ್ಲಿ ಕೂಗಿಕೊಂಡು ಬರುವುದನ್ನು ನಿಲ್ಲಿಸಿದರು. ಇಂದಿಗೂ ನಿನ್ನ ಪತ್ರದ ಕೊನೆಯ ಸಾಲು ‘ಸಾರ್ ಅವರಿಗೆ ನಮಸ್ಕಾರ’. ಬುದ್ಧಿ ನೆಟ್ಟಗಿದ್ದಾಗ ಅದನ್ನು ಕೇಳಿ ‘ಹೂಂ, ಶಿಸ್ತಿನ ಹುಡುಗ’ ಎಂದು ತಾರಸಿಗೆ ಹೋಗಿ ನಿಲ್ಲುತ್ತಿದ್ದರು. ಒಣಗಿದ ಬಟ್ಟೆಯಿದ್ದರೆ ಎತ್ತಿಕೊಂಡು ಬರುತ್ತಿದ್ದರು. ಇಲ್ಲದಿದ್ದರೆ ಬರಿಗೈಯಲ್ಲಿ ಬಹಳ ಹೊತ್ತಿನ ಮೇಲೆ ಬರುತ್ತಿದ್ದರು.

ಹೋದ ಶನಿವಾರ ನನಗೊಂದು ಯೋಚನೆ ಬಂತು. ಮಗು ಬಂದಿಲ್ಲವಾದರೆ ಅವರಿಗೆ ಬೇಕಾದದ್ದು ರಜೆ ಅರ್ಜಿ ತಾನೇ? ನಾನೇ ಕೂತು ಬರೆದೆ. ‘ಅನಾರೋಗ್ಯದ ನಿಮಿತ್ತ ತರಗತಿಗೆ ಹಾಜರಾಗಲು ಸಾಧ್ಯವಾಗಲಿಲ್ಲ’ ಎಂದು ಬರೆದು, ನಿನ್ನ ನಂಬರು ಹಾಕಿ, ಹದಿನೇಳು ಎಂದು ಕರೆದ ತಕ್ಷಣ ಹೋಗಿ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಓದಿದರು. ನನ್ನ ಕಡೆ ನೋಡಿ, ‘ಹನಾರೋಗ್ಯ... ಆಜರಾಗಲು... ಇದು ಹುಡುಗ ಬರೆದದ್ದಲ್ಲಮ್ಮಾ. ಇದು ನನ್ನ ಹೆಂಡತಿ ಅಕ್ಷರ’ ಎಂದರು. ಮುಖ ಮರೆತವರು ನನ್ನ ತಪ್ಪುಗಳನ್ನು ಮರೆತಿಲ್ಲ! ‘ನಾನೇ ಕಣ್ರೀ, ನಾನೇ ನಿಮ್ಮ ಹೆಂಡತಿ’ ಎಂದು ಕಾಲು ಹಿಡಿದೆ. ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡು, ‘ಏಳಿ ತಾಯಿ, ಏಳಿ. ಅವಳು ಸಿಕ್ಕರೆ ಹೇಳಿ, ಮಗುವಿನ ಅರ್ಜಿ ಮಗುವೇ ಬರೀಬೇಕು ಅಂತ. ಅವಳಿಗೆ ಮಕ್ಕಳು ಅಂದ್ರೆ ಜೀವ, ಅದಕ್ಕೇ ಹೀಗೆಲ್ಲ ಮಾಡ್ತಾಳೆ’ ಎಂದು ಅರ್ಜಿಯನ್ನು ನಾಲ್ಕಾಗಿ ಮಡಿಸಿ ತಮ್ಮ ಜೇಬಿಗೆ ಇಟ್ಟುಕೊಂಡರು. ಅದು ಅಲ್ಲೇ ಇದೆ. ಅಂಗಿ ಬದಲಾಯಿಸಿದರೆ ಹುಡುಕುತ್ತಾರೆ.

ಅದಕ್ಕೇ ಮರೀ, ನಿನ್ನ ಕಾಲಿಗೆ ಬೀಳುವುದೊಂದು ಬಾಕಿ, ನಿನ್ನ ಕೈಯಿಂದಲೇ ಒಂದು ರಜೆ ಅರ್ಜಿ ಬರೆದು ಕಳಿಸು. ಗೆರೆ ಹಾಕಿದ ಹಾಳೆಯಲ್ಲಿ ಬರೆ. ಮೇಲೆ ಬಲಗಡೆ ಆ ಪರೀಕ್ಷೆಯ ದಿನದ ತಾರೀಖು ಹಾಕು, ಪುಸ್ತಕ ನೋಡಿ ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ‘ತರಗತಿಯ ಉಪಾಧ್ಯಾಯರಿಗೆ’ ಎಂದು ಶುರುಮಾಡು. ಅಪ್ಪ ಎಂದು ಬರೆಯಬೇಡ, ಶಾಲೆಯಲ್ಲಿ ಅದನ್ನು ಅವರು ಒಪ್ಪುವುದಿಲ್ಲ. ಇಷ್ಟು ವರ್ಷ ಅವರನ್ನು ನೋಯಿಸಲೆಂದು ಆಡಿದ ‘ಸಾರ್’ ಎಂಬ ಮಾತೇ ಈಗ ಅವರಿಗೆ ಅನ್ನವಾಗಬೇಕಾಗಿದೆ, ನೋಡು. ಯಾಕೆ ಬರಲಾಗಲಿಲ್ಲ ಎಂಬ ಜಾಗದಲ್ಲಿ ಏನಾದರೂ ಒಂದು ಕಾರಣ ಬರೆ. ಕಾರಣವಿಲ್ಲದ ಅರ್ಜಿಯನ್ನು ಅವರು ಎಂದೂ ಮಂಜೂರು ಮಾಡಿದವರಲ್ಲ. ಕೆಳಗೆ ನಂಬರು ಹದಿನೇಳು. ಅಕ್ಷರ ಮಗುವಿನದರ ಹಾಗೆ ಮಾಡಲು ಹೋಗಬೇಡ. ನಿನ್ನ ‘ಶ’ ಇನ್ನೂ ಹಾಗೇ ತಲೆ ಬಗ್ಗಿಸಿಕೊಂಡಿದೆ, ಅವರಿಗೆ ಗುರುತು ಸಿಗುತ್ತದೆ. ಬರಲು ಬಿಟ್ಟರೆ ಕೂಡಲೇ ಹೊರಡು, ಅದು ಬೇರೆ. ಆದರೆ ನೀನು ಬರುವವರೆಗೆ ಆ ಹಾಳೆ ಅವರನ್ನು ಉಳಿಸಬೇಕು.

ನಿನ್ನ ತಂಗಿ ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ ಹೇಳುತ್ತಾಳೆ. ಗಿಣಿಯ ಕೆನ್ನೆಗೆ ಒಂದು, ಉಂಡೆಯ ಸುಣ್ಣದ ಬಾಯಿಗೆ ಒಂದು ಮುತ್ತು. ಎಲ್ಲರೂ ತಣ್ಣಗಿರಿ.

ಇತಿ,
ನಿನ್ನ ಅಮ್ಮ

ತಾ.ಕ. ಮೇಲಿನದನ್ನೆಲ್ಲ ನಿನ್ನ ತಂಗಿ ಓದಿ ಕಾಗುಣಿತ ತಿದ್ದಿಕೊಟ್ಟಳು. ಅಂಟು ತರಲು ಕೆಳಗಿಳಿದಿದ್ದಾಳೆ, ಅಷ್ಟರೊಳಗೆ, ಅವಳು ತಿದ್ದಿದ್ದನ್ನೇ ನೋಡಿಕೊಂಡು, ಇದನ್ನು ಬರೆಯುತ್ತಿದ್ದೇನೆ. ಏನಾದರೂ ಒಂದು ಕಾರಣ ಬರೆ ಎಂದಿದ್ದೇನಲ್ಲ, ಅದು ಅವಳ ಕಣ್ಣಿಗೆ. ನೀನು ನಿಜ ಬರೆ. ಪರೀಕ್ಷೆಯ ಬೆಳಿಗ್ಗೆ ಅಮ್ಮ ನನ್ನನ್ನು ರೈಲ್ವೆ ಗೇಟಿನಾಚೆಯ ಕಚೇರಿಗೆ ಓಡಿಸಿದಳು ಎಂದು ಬರೆ. ದೊಡ್ಡವರು ಖಾಸಗಿಯಾಗಿ ಕೂರುವ ಪರೀಕ್ಷೆಗೆ ಅವಳು ಅರ್ಜಿ ತುಂಬಿದ್ದಳು, ಕೊಡಲು ಅವತ್ತೇ ಕೊನೆಯ ದಿನ, ವಾಪಸ್ ಬರುವಾಗ ಗೇಟು ಹಾಕಿತ್ತು ಎಂದು ಬರೆ. ‘ಅಪ್ಪನಿಗೆ ಹೇಳಿದರೆ ನಾನು ಸತ್ತಂತೆ’ ಎಂದು ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿಕೊಂಡಿದ್ದಳು ಎಂದೂ ಬರೆ. ಮೇಷ್ಟರ ಹೆಂಡತಿ ಓದುಬಾರದವಳು ಎಂದು ಊರಿಗೆ ಗೊತ್ತಾಗುವ ನಾಚಿಕೆಗೆ ಹಾಗೆ ಮಾಡಿದೆ ಮರೀ. ಸಂಜೆ ನಿನ್ನನ್ನು ಕೇಳುತ್ತಿದ್ದಾಗ ನಾನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಒಂದು ದಿನ ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ವರ್ಷ ಕಳೆದ ಮೇಲೆ ಆಗಲೇ ಇಲ್ಲ. ನನ್ನ ಪರೀಕ್ಷೆಗೆ ಬಂದ ಪ್ರವೇಶದ ಚೀಟಿಯನ್ನು ಒಲೆಗೆ ಹಾಕಿದೆ, ಕೂರಲಿಲ್ಲ. ಹದಿಮೂರು ವರ್ಷದ ನೀನು ಅಮ್ಮ ಸಾಯುತ್ತಾಳೆಂದು ಹೆದರಿ ಅಪ್ಪನನ್ನು ಬಿಟ್ಟುಕೊಟ್ಟೆ. ಮೊನ್ನೆ ಅವರ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದೆ. ಸಮಾಧಾನವಾಗಿ ಕೇಳಿ, ‘ಇರಬಹುದಮ್ಮಾ. ಆದ್ರೆ ಹುಡುಗ ಹೇಳದೆ ನಾನು ಹೇಗೆ ಬರ್ಕೊಳ್ಳಲಿ?’ ಎಂದರು. ಆ ಆಣೆಯಿಂದ ನಿನ್ನನ್ನು ಬಿಡಿಸಿದ್ದೇನೆ, ಇಗೋ, ಬರೆದೇ ಕೊಟ್ಟಿದ್ದೇನೆ. ನೀನು ಹೇಳಿದರೆ ನನಗೆ ಏನೂ ಆಗುವುದಿಲ್ಲ. ಅರ್ಜಿಯ ಕೆಳಗೆ ಪೋಷಕರ ಸಹಿಗೆ ಒಂದು ಸಾಲು ಖಾಲಿ ಬಿಡು, ಅಲ್ಲಿ ನಾನು ಅವರ ಎದುರಿಗೇ ಸಹಿ ಹಾಕುತ್ತೇನೆ. ಮೆಟ್ಟಿಲಲ್ಲಿ ಅವಳ ಹೆಜ್ಜೆ ಕೇಳುತ್ತಿದೆ. ಸೋಮವಾರದ ಲಾರಿ ತಪ್ಪಿಸಬೇಡ, ಬೇಗ ಬರೆ.